ಉಜ್ಜನಪ್ಪನ ಎದೆಗಿಸೆಯ ಕಾವು

ಉಜ್ಜನಪ್ಪ ತನ್ನ ನಲವತ್ತೆಂಟು ವರ್ಷದ ಬಾಳಿನಲ್ಲಿ ಮಾಡಿದ ಕಳ್ಳತನ ಒಂದೇ. ಕದ್ದ ಮಾಲು ಬೆಂಕಿಪೊಟ್ಟಣಕ್ಕಿಂತ ತುಸು ದಪ್ಪ. ಕದ್ದದ್ದು ಹೆಂಡತಿಯ ಅಣ್ಣನ ಮನೆಯಲ್ಲಿ, ಹಾಡುಹಗಲಲ್ಲಿ, ಅವರೇ ಕೊಟ್ಟ ಮಂಡಕ್ಕಿ ಮೆಣಸಿನಕಾಯಿ ತಿಂದು ಕೈ ತೊಳೆದ ಮೇಲೆ. ಇಷ್ಟು ಸಣ್ಣ ಕಳ್ಳತನಕ್ಕೆ ಅಷ್ಟು ದೊಡ್ಡ ಭಯ ಪಟ್ಟ ಮನುಷ್ಯ ಹರಿಹರ-ದಾವಣಗೆರೆ ರಸ್ತೆಯಲ್ಲಿ ಅದಕ್ಕೆ ಮುಂಚೆ ಓಡಾಡಿರಲಾರ.

ಉಜ್ಜನಪ್ಪ ದಾವಣಗೆರೆಯ ಹತ್ತಿ ಮಾರ್ಕೆಟ್ಟಿನಲ್ಲಿ ತೂಕದ ಗುಮಾಸ್ತ. ಮನೆ ಆವರಗೆರೆಯಲ್ಲಿ. ಆವರಗೆರೆಗೆ ಕರೆಂಟು ಕೊಡುತ್ತೇವೆಂದು ಕಂಬ ನೆಟ್ಟು ಎರಡು ವರ್ಷವಾಗಿತ್ತು. ತಂತಿ ಬಂದಿರಲಿಲ್ಲ. ಸದ್ಯಕ್ಕೆ ಆ ಕಂಬಗಳಿಗೆ ಎಮ್ಮೆ ಕಟ್ಟುತ್ತಿದ್ದರು. ಪಕ್ಕದ ಮನೆಯ ಮುನಾಫ್ ಪೇಟೆಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದರೂ ಅವನ ಮನೆಯಲ್ಲಿ ರೇಡಿಯೋ ಇರಲಿಲ್ಲ. ದಿನವಿಡೀ ಅದರ ಹೊಟ್ಟೆ ಬಗೆದು ಸಾಕಾಗಿರುತ್ತದೆ ಎನ್ನುತ್ತಿದ್ದ. ಹೀಗಾಗಿ ಇಡೀ ಬೀದಿಗೆ ಇದ್ದದ್ದು ಉಜ್ಜನಪ್ಪನ ಟ್ರಾನ್ಸಿಸ್ಟರ್ ಒಂದೇ. ಅದೇ ನಮೂನೆಯ ಇನ್ನೊಂದು ಹರಿಹರದಲ್ಲಿ ಅವನ ಭಾವ, ಜವಳಿ ಅಂಗಡಿ ಪರಮೇಶ್ವರಪ್ಪನ ಮನೆಯಲ್ಲಿತ್ತು. ಎರಡೂ ಒಂದೇ ಕಂಪನಿಯವು, ಒಂದೇ ವಾರ ಬಂದವು. ಆದರೂ ತನ್ನದರ ಗಂಟಲು ದೊಡ್ಡದೆಂದು ಪರಮೇಶ್ವರಪ್ಪ, ತನ್ನದರ ದನಿ ಇಂಪೆಂದು ಉಜ್ಜನಪ್ಪ, ಕಂಡಾಗಲೆಲ್ಲ ವಾದಿಸುತ್ತಿದ್ದರು.

ಆ ಫೆಬ್ರವರಿಯಲ್ಲಿ ಧಾರವಾಡದಿಂದ ಮಗಳ ಕಾಗದ ಬಂತು. ಶಾಂತಕುಮಾರಿ ಅಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಎ. ಓದುತ್ತಿದ್ದಳು. ಎದುರಿಗೆ ಒಬ್ಬರಿದ್ದರೂ ಬಾಯಿ ಬಿಡದ ಹುಡುಗಿ. ಊರಿನಲ್ಲಿದ್ದಾಗ ಅಡುಗೆಮನೆ ಬಾಗಿಲು ಹಾಕಿಕೊಂಡು ಹಾಡುತ್ತಿದ್ದಳು. ಯಾರಾದರೂ ಕೆಮ್ಮಿದರೆ ಅಲ್ಲಿಗೆ ನಿಲ್ಲಿಸುತ್ತಿದ್ದಳು. ಅಪ್ಪ ಇದುವರೆಗೆ ಕೇಳಿದ್ದು ಬಾಗಿಲ ಹಿಂದಿನ ಅರ್ಧರ್ಧ ಸಾಲು ಮಾತ್ರ. ಅಂಥವಳು ಬರೆದಿದ್ದಳು: ಬರುವ ಶುಕ್ರವಾರ ಸಂಜೆ ಆರೂಕಾಲಿಗೆ ಧಾರವಾಡ ರೇಡಿಯೋದಲ್ಲಿ ನನ್ನದೊಂದು ವಚನಗಾಯನವಿದೆ. ಕೈಕಾಲು ಈಗಲೇ ನಡುಗುತ್ತಿವೆ. ಅಪ್ಪ ಕೇಳುತ್ತಿದ್ದಾರೆ ಎಂದುಕೊಂಡು ಹಾಡಿಬಿಡುತ್ತೇನೆ.

ಉಜ್ಜನಪ್ಪ ಸೋಮವಾರ ಇಡೀ ಬೀದಿಯನ್ನು ಕರೆದ. ಮಂಗಳವಾರ ರೇಡಿಯೋ ಕೆಮ್ಮತೊಡಗಿತು.

ಮೆಲ್ಲಗಿಟ್ಟರೆ ಹೇಗೋ ನಡೆಯುತ್ತಿತ್ತು. ಜೋರು ಮಾಡಿದರೆ ಗೊರಗೊರ ಅಂದು ಮಲಗುತ್ತಿತ್ತು. ಪೇಟೆಯ ಅಂಗಡಿಗಳಲ್ಲಿ ಆ ನಮೂನೆಯ ಬ್ಯಾಟರಿ ಮುಗಿದಿತ್ತು. ಮುಂದಿನ ಸೋಮವಾರ ಬರುತ್ತದೆ ಎಂದರು. ಹಳೆಯದನ್ನು ಒಯ್ದು ಮುನಾಫನಿಗೆ ತೋರಿಸಿದ. ಮುನಾಫ್ ಮೀಟರಿನ ಎರಡು ಕಡ್ಡಿ ತಾಗಿಸಿ, “ಒಂಬತ್ತು ವೋಲ್ಟಿಗೆ ಹತ್ರ ಐತ್ರಿ ಉಜ್ಜಣ್ಣ, ಆದ್ರ ಒಂದು ಬಲ್ಬು ಹಚ್ಚಿ ನೋಡಬೇಕು” ಎಂದು ಬಲ್ಬು ಹುಡುಕಲು ತಿರುಗಿದ. ತಿರುಗಿ ಬರುವಷ್ಟರಲ್ಲಿ ಉಜ್ಜನಪ್ಪ ಬ್ಯಾಟರಿ ಎತ್ತಿಕೊಂಡು ಹೋಗಿಯಾಗಿತ್ತು. ಹೊಸದಕ್ಕೂ ಒಂಬತ್ತು, ಹಳೆಯದಕ್ಕೂ ಒಂಬತ್ತು. ತೂಕದ ಗುಮಾಸ್ತನಿಗೆ ಮುಳ್ಳು ತೋರಿಸಿದ ಮೇಲೆ ಬೇರೆ ಸಾಕ್ಷಿ ಬೇಕಿಲ್ಲ.

ಅವನು ಕಂಡುಕೊಂಡ ಸಿದ್ಧಾಂತ ಇಷ್ಟು: ಬ್ಯಾಟರಿಯಲ್ಲಿ ದೋಷವಿಲ್ಲ, ರೇಡಿಯೋದಲ್ಲಿಯೂ ಇಲ್ಲ, ಎರಡಕ್ಕೂ ಜಾತಕ ಕೂಡುತ್ತಿಲ್ಲ. ಭಾವನ ಬ್ಯಾಟರಿ ಇಲ್ಲಿಗೆ ಬಂದು, ಇಲ್ಲಿಯದು ಭಾವನ ಮನೆಗೆ ಹೋದರೆ ಇಬ್ಬರ ಸಂಸಾರವೂ ಸರಿಹೋದೀತು. ಒಂಬತ್ತು ಕೊಟ್ಟು ಒಂಬತ್ತು ತೆಗೆದುಕೊಂಡರೆ ಅದು ಕಳ್ಳತನ ಹೇಗಾದೀತು? ಕೇಳಿಯೇ ತರಬಹುದಿತ್ತು. ಆದರೆ ಪರಮೇಶ್ವರಪ್ಪ ಆಗಲೇ ಹೇಳಿಕಳಿಸಿದ್ದ: ನಿಮ್ಮ ಡಬ್ಬಿ ನಡುವೆ ಕೈಕೊಡುತ್ತದೆ, ಎಲ್ಲರೂ ಹರಿಹರಕ್ಕೇ ಬನ್ನಿ, ಹುಡುಗಿಯ ಹಾಡು ನಮ್ಮದರಲ್ಲಿ ಕೇಳೋಣ, ನಮ್ಮ ಬೀದಿಯವರನ್ನೂ ಕರೆದಿದ್ದೇನೆ. ಇಂಥ ಮಾತು ಕೇಳಿದ ಮೇಲೆ ಅದೇ ಬಾಗಿಲಿಗೆ ಹೋಗಿ ಬ್ಯಾಟರಿ ಕೊಡಿ ಎನ್ನಲು ಉಜ್ಜನಪ್ಪನಿಗೆ ಎದೆ ಸಾಲಲಿಲ್ಲ. ಕದಿಯಲು ಸಾಕಾಯಿತು.

ಶುಕ್ರವಾರ ಮಧ್ಯಾಹ್ನ ಅರ್ಧ ದಿನ ರಜೆ ಹಾಕಿ ಹರಿಹರಕ್ಕೆ ಹೋದ. ಮಂಡಕ್ಕಿ ಮುಗಿಯಿತು. ಪರಮೇಶ್ವರಪ್ಪ ಚಹಾಕ್ಕೆ ಹೇಳಿಬರಲು ಒಳಗೆ ಹೋದ. ಕಣ್ಣು ಒಳಬಾಗಿಲ ಮೇಲೆ, ಕೈ ರೇಡಿಯೋದ ಬೆನ್ನ ಮೇಲೆ. ಮುಚ್ಚಳ ತೆಗೆದು, ಭಾವನ ಹೊಸ ಬ್ಯಾಟರಿ ಕಿತ್ತು, ತನ್ನ ಹಳೆಯದನ್ನು ಸಿಕ್ಕಿಸಿ, ಮುಚ್ಚಳ ಹಾಕುವಷ್ಟರಲ್ಲಿ ಒಳಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಭಾವ ಬಂದು ಅಭ್ಯಾಸಬಲದಿಂದ ರೇಡಿಯೋ ತಿರುಗಿಸಿದ. ಮಧ್ಯಾಹ್ನದ ಹೊತ್ತು, ಮೆಲುದನಿ. ಅದು ಮರ್ಯಾದೆಯಿಂದ ಹಾಡಿತು. ಜಾತಕ ಕೂಡಿತೆಂದು ಉಜ್ಜನಪ್ಪ ಚಹಾ ಕುಡಿದು ಬಸ್ಸು ಹತ್ತಿದ.

ಹತ್ತುವಾಗ ಅವನ ಒಳಂಗಿಯ ಎಡ ಎದೆಗಿಸೆಯಲ್ಲಿ ಎರಡು ವಸ್ತುಗಳಿದ್ದವು. ಒಂದು, ಆ ಬ್ಯಾಟರಿ. ತಲೆಯ ಮೇಲೆ ಒತ್ತುಗುಂಡಿಯಂಥ ಎರಡು ತವರದ ಗುಂಡಿಗಳಿದ್ದದ್ದು. ಇನ್ನೊಂದು, ಕೊರಳ ಶಿವದಾರದ ತುದಿಗೆ ಕಟ್ಟಿದ್ದ, ಇಷ್ಟಲಿಂಗವಿಟ್ಟ ಬೆಳ್ಳಿ ಕರಡಿಗೆ. ಬಸ್ಸಿನ ಕುಲುಕಾಟಕ್ಕೆ ತೂಗಾಡದಿರಲಿ ಎಂದು ಅವನು ಕರಡಿಗೆಯನ್ನು ಯಾವಾಗಲೂ ಆ ಕಿಸೆಯೊಳಗೆ ಇಳಿಬಿಟ್ಟುಕೊಳ್ಳುತ್ತಿದ್ದ.

ಹರಿಹರ ಬಿಟ್ಟು ಎರಡು ಮೈಲಿ ಆಗಿರಬೇಕು. ಎದೆಯ ಎಡಭಾಗ ಬೆಚ್ಚಗಾಯಿತು. ಬಿಸಿಲು ಎಂದುಕೊಂಡು ಕಿಟಕಿಯ ಕಡೆಯಿಂದ ಈಚೆ ಸರಿದ. ಬಿಸಿಲೂ ಅವನ ಜೊತೆ ಸರಿಯಿತು. ಅಂಗಿಯ ಮೇಲಿನಿಂದಲೇ ಮುಟ್ಟಿ ನೋಡಿದ. ಬಿಸಿಯಾಗುತ್ತಿದ್ದದ್ದು ಲಿಂಗ.

ನಲವತ್ತು ವರ್ಷ ಅವನ ಎದೆಯ ಮೇಲೆ ತಣ್ಣಗೆ ಕೂತಿದ್ದ ಲಿಂಗ ಅದು. ಉಜ್ಜನಪ್ಪನ ಕಿವಿಯಲ್ಲಿ ಗುಂಯ್ ಎಂದಿತು. ಎರಡೂವರೆಗೆ ಕದ್ದದ್ದು, ಈಗ ಮೂರು ಹೊಡೆದು ಹತ್ತು ನಿಮಿಷ. ಒಂದು ಅರ್ಜಿ ಈ ಮೇಜಿನಿಂದ ಆ ಮೇಜಿಗೆ ಹೋಗಲು ವಾರ ಹಿಡಿಯುವ ಕಾಲದಲ್ಲಿ ಶಿವ ನಲವತ್ತು ನಿಮಿಷದಲ್ಲಿ ತೀರ್ಪು ಕೊಟ್ಟಿದ್ದ. ಉಜ್ಜನಪ್ಪ ಎರಡೂ ಕೈಯಿಂದ ಎದೆಗಿಸೆಯನ್ನು ಅವುಚಿ ಹಿಡಿದ. ಅವುಚಿದಷ್ಟೂ ಕಾವು ಏರಿತು. ಕಾವು ಏರಿದಷ್ಟೂ ಅವುಚಿದ.

ಪಕ್ಕದಲ್ಲಿ ಕೂತವನೊಬ್ಬ ತಾನು ಕಾಂಪೌಂಡರ್ ಎಂದು ಪರಿಚಯ ಮಾಡಿಕೊಂಡು, ಬೆವರು ನೋಡಿ, ಕಣ್ಣು ನೋಡಿ, ಇದು ಹಾರ್ಟು ಎಂದು ಇಡೀ ಬಸ್ಸಿಗೆ ತಿಳಿಸಿದ. ಎಲ್ಲರೂ ಸೀಟು ಬಿಟ್ಟೆದ್ದು ಉಜ್ಜನಪ್ಪನನ್ನು ಉದ್ದಕ್ಕೆ ಮಲಗಿಸಿದರು. ಒಬ್ಬಾಕೆ ಮಜ್ಜಿಗೆ ಕುಡಿಸಿದಳು. ಇನ್ನೊಬ್ಬ, ತನ್ನ ಚಿಕ್ಕಪ್ಪನೂ ಹೀಗೇ ಎಡ ಎದೆ ಹಿಡಿದುಕೊಂಡು ಹೋದವರು, ಮಾತಾಡುತ್ತಲೇ ಇದ್ದರು, ಎರಡೇ ನಿಮಿಷ ಎಂದು ಸಮಾಧಾನ ಹೇಳಿದ. ಕಂಡಕ್ಟರ್ ಬೆಳ್ಳಗಾದ. ಬಸ್ಸಿನಲ್ಲಿ ಹೆಣ ಬಿದ್ದರೆ ಬರೆಯಬೇಕಾದ ಕಾಗದಗಳೆಲ್ಲ ಅವನ ಕಣ್ಣ ಮುಂದೆ ಬಂದಿರಬೇಕು, ಬಗ್ಗಿ ಬೇಡಿಕೊಂಡ:

“ಯಜಮಾನ್ರೇ, ಇನ್ನು ನಾಕು ಮೈಲಿ ಐತೆ ಅಷ್ಟೆ. ಸ್ಟ್ಯಾಂಡ್ ಬರೋಗಂಟ ಹೆಂಗಾರ ತಡ್ಕೊಳ್ರಿ. ಇಳಿದ ಮ್ಯಾಲೆ ನಿಮ್ಮಿಷ್ಟ.”

ಕಾಂಪೌಂಡರ್ ಅಂಗಿ ಬಿಚ್ಚಲು ಕೈಹಾಕಿದ. ಬಿಚ್ಚಿದರೆ ಬ್ಯಾಟರಿ ಈಚೆ ಬೀಳುತ್ತದೆ. ಉಜ್ಜನಪ್ಪ ಗುಬ್ಬಚ್ಚಿ ಹಿಡಿದವನಂತೆ ಕಿಸೆಯನ್ನು ಮುಚ್ಚಿಕೊಂಡು ಮೊಣಕಾಲು ಮಡಚಿ ಮುರುಟಿಕೊಂಡ. ಇಷ್ಟು ನೋವು ತಾನು ಯಾವ ರೋಗಿಯಲ್ಲೂ ಕಂಡಿಲ್ಲವೆಂದು ಕಾಂಪೌಂಡರ್ ತಲೆಯಾಡಿಸಿದ. ಆಸ್ಪತ್ರೆಗೆ ಒಯ್ಯುತ್ತೇವೆಂದಾಗ, ಅಲ್ಲಿ ಮೊದಲು ತೆಗೆಸುವುದೇ ಅಂಗಿ ಎಂದು ನೆನಪಾಗಿ, ಮನೆಗೇ ಒಯ್ಯಿರಿ ಎಂದು ಕೈಮುಗಿದ. ಸಾಯುವವನ ಕೊನೆಯ ಆಸೆ ಎಂದು ಯಾರೂ ಎದುರಾಡಲಿಲ್ಲ. ಟಾಂಗಾದಲ್ಲಿ ಹಾಕಿ ಕಳಿಸಿದರು.

ಟಾಂಗಾಕ್ಕಿಂತ ಮುಂಚೆ ಸೈಕಲ್ಲಿನ ಮೇಲೆ ಸುದ್ದಿ ಆವರಗೆರೆ ಮುಟ್ಟಿತ್ತು. ಹಾಡು ಕೇಳಲು ಚಾಪೆ ಹಾಸಿಕೊಂಡು ಬೇಗ ಬಂದು ಜಾಗ ಹಿಡಿದಿದ್ದ ಹೆಂಗಸರು ಅದೇ ಚಾಪೆಯ ಮೇಲೆ ಕೂತು ಅಳುತ್ತಿದ್ದರು. ಅವರಲ್ಲಿ ಮುಂದೆ ಇದ್ದವಳು ಮುನಾಫನ ತಾಯಿ ಮಾಬೂಬೀ. ವಯಸ್ಸಾದ ಮೇಲೆ ಕಿವಿ ಮಂದವಾಗಿದ್ದರಿಂದ ಅವಳಿಗೆ ಏನಾಗಿದೆ ಎಂಬುದು ತಿಳಿದಿರಲಿಲ್ಲ. ಎಲ್ಲರೂ ಅಳುವುದನ್ನು ನೋಡಿ ಹೆಚ್ಚು ಜೋರಾಗಿ ಅಳುತ್ತಿದ್ದಳು.

ಉಜ್ಜನಪ್ಪನನ್ನು ಒಳಕೋಣೆಯಲ್ಲಿ ಮಲಗಿಸಿದರು. ಹೆಂಡತಿ ಮರುಳಸಿದ್ದಮ್ಮ ಬಾಗಿಲು ಹಾಕಿ ಪಕ್ಕದಲ್ಲಿ ಕೂತಳು. ಕಣ್ಣಲ್ಲಿ ನೀರಿರಲಿಲ್ಲ, ತುಟಿ ಮಾತ್ರ ಒಣಗಿತ್ತು. ಅವನು ಗೋಡೆಯ ಗಡಿಯಾರ ನೋಡಿದ. ಐದಕ್ಕೆ ಹತ್ತು ನಿಮಿಷ. ಆರೂಕಾಲರವರೆಗೆ ಜೀವ ನಿಂತೀತೇ? ಅಲ್ಲಿ ಧಾರವಾಡದಲ್ಲಿ ಹುಡುಗಿ ಅಪ್ಪ ಕೇಳುತ್ತಾರೆಂದು ಬಾಯಿ ತೆರೆದಾಗ, ಇಲ್ಲಿ ಅಪ್ಪನ ಮೂಗಿಗೆ ಹತ್ತಿ ಇಟ್ಟಿದ್ದರೆ? ತೂಕ ಮಾಡಿ ಸಾಕಾದ ಹತ್ತಿ, ಅಲ್ಲಿಗೂ ಬಂತೇ ಎಂದು ಅವನಿಗೆ ಅಳು ಬಂತು.

ಹೆಂಡತಿಯ ಕೈ ಹಿಡಿದು ತನ್ನ ಎದೆಯ ಮೇಲಿಟ್ಟುಕೊಂಡ. “ಸಿದ್ದಿ, ಲಿಂಗ ಸುಡಾಕತ್ತೈತೆ,” ಎಂದ ಪಿಸುದನಿಯಲ್ಲಿ.

ಮರುಳಸಿದ್ದಮ್ಮ ಕೈ ಇಟ್ಟಳು, ತಟ್ಟನೆ ತೆಗೆದಳು. ನಿಜವಾಗಿಯೂ ಸುಡುತ್ತಿತ್ತು. ಗಂಡನಿಗೆ ಹಾರ್ಟು ಎಂದಾಗ ಹೆದರದಿದ್ದವಳು ಈಗ ಗೋಡೆಗೆ ಒರಗಿ ಕುಸಿದಳು. ಕಿಟಕಿಯಿಂದ ಇಣುಕುತ್ತಿದ್ದ ಒಬ್ಬಳು ಇದನ್ನು ಕೇಳಿಸಿಕೊಂಡಳು. ಐದು ನಿಮಿಷದಲ್ಲಿ ಬೀದಿಯ ಅಳು ನಿಂತು ಬೇರೊಂದು ಬಗೆಯ ಮೌನ ಹರಡಿತು. ಉಜ್ಜನಪ್ಪನ ಲಿಂಗಕ್ಕೆ ಕಳೆ ಏರಿದೆಯಂತೆ; ಇಷ್ಟು ದಿನ ನಾವು ಅವನನ್ನು ಬರೀ ಗುಮಾಸ್ತ ಎಂದುಕೊಂಡಿದ್ದೆವು. ಸುದ್ದಿ ಕೆರೆ ಏರಿಯವರೆಗೆ ಹೋಯಿತು. ಬಾಗಿಲ ಹೊರಗೆ ಒಂದೊಂದಾಗಿ ತೆಂಗಿನಕಾಯಿ ಬಂದು ಕೂತವು. ಊದುಬತ್ತಿಯ ಹೊಗೆ ಕಿಟಕಿಯಲ್ಲಿ ಒಳಗೆ ಬಂದಾಗ ಉಜ್ಜನಪ್ಪನ ಭಯ ಇಮ್ಮಡಿಯಾಯಿತು. ಕಳ್ಳನಾಗಿ ಸಾಯುವುದೇ ಕಷ್ಟ; ಶರಣನೆನಿಸಿಕೊಂಡು ಕಳ್ಳನಾಗಿ ಸಾಯುವುದು ಹೇಗೆ?

ಅಷ್ಟರಲ್ಲಿ ಮುನಾಫ್ ಬಂದ. ಶುಕ್ರವಾರ ಅವನ ಅಂಗಡಿಗೆ ರಜೆ. ಕೋಣೆಗೆ ಬಂದವನು ಒಮ್ಮೆ ಮೂಸಿದ. ಕಾದ ಮೇಣ, ಸುಟ್ಟ ಕಾಗದ. ಅವನ ಅಂಗಡಿಯ ವಾಸನೆ. ಕಿಸೆಯ ಉಬ್ಬು ನೋಡಿದ. ಮುಟ್ಟಲಿಲ್ಲ.

“ಉಜ್ಜಣ್ಣ, ನೀವೇ ಕೈಯಾರ ಲಿಂಗ ಈಚೆ ತಗೊಂಡು ಎದಿ ಮ್ಯಾಲೆ ಇಟ್ಕೊಳ್ರಿ. ಆಮೇಲೆ ಕಿಸೆದಾಗ ಏನೈತೋ ನಂಗೆ ಕೊಡ್ರಿ.”

ಉಜ್ಜನಪ್ಪ ಕರಡಿಗೆ ತೆಗೆದು ಎದೆಯ ಮೇಲಿಟ್ಟುಕೊಂಡ. ಆಮೇಲೆ ಬ್ಯಾಟರಿ ತೆಗೆದ. ಮುನಾಫ್ ಅದನ್ನು ಈ ಕೈಯಿಂದ ಆ ಕೈಗೆ ಹಾರಿಸುತ್ತ ನೆಲಕ್ಕಿಟ್ಟ. ಕಿಸೆಯ ಕೆಳಗೆ ಎದೆ ಕೆಂಪಗಾಗಿತ್ತು.

ಮರುಳಸಿದ್ದಮ್ಮನ ಬಗ್ಗೆ ಒಂದು ಮಾತು ಹೇಳಬೇಕು. ಹಿಂದೊಮ್ಮೆ ಯಾರದೋ ಮದುವೆಗೆ ಕೊಟ್ಟ ಇವಳ ಕೊಳಗ ವಾಪಸು ಬಂದಿರಲಿಲ್ಲ. ಅಂದಿನಿಂದ ಮನೆಯ ಪ್ರತಿ ಸಾಮಾನಿನ ಮೇಲೂ ‘ಉ. ಆವರಗೆರೆ’ ಎಂದು ಬರೆದ ಚೀಟಿಯನ್ನು ಅಂಟಿಸುತ್ತಿದ್ದಳು. ಲಾಟೀನು, ಒರಳು, ಛತ್ರಿ, ಯಾವುದನ್ನೂ ಬಿಟ್ಟಿರಲಿಲ್ಲ. ಈಗ ಬ್ಯಾಟರಿಯನ್ನು ಸೆರಗಿನಲ್ಲಿ ಹಿಡಿದು ನಾಲ್ಕೂ ಕಡೆ ತಿರುಗಿಸಿದಳು.

“ಏನ್ರೀ, ಇದ್ರ ಮ್ಯಾಲಿನ ನನ್ನ ಚೀಟಿ ಎಲ್ಲಿ?”

“ಇಲ್ಲೈತೆ ತಂಗಿ,” ಎಂದಿತು ಬಾಗಿಲು.

ಬಾಗಿಲಲ್ಲಿ ಪರಮೇಶ್ವರಪ್ಪ. ಕಂಕುಳಲ್ಲಿ ಟ್ರಾನ್ಸಿಸ್ಟರ್, ಕೈಯಲ್ಲಿ ‘ಉ. ಆವರಗೆರೆ’ ಎಂಬ ಚೀಟಿಯ ಹಳೆಯ ಬ್ಯಾಟರಿ. ಉಜ್ಜನಪ್ಪ ಹೊರಟ ಮೇಲೆ ಬೀದಿಯವರಿಗೆ ಕೇಳಲೆಂದು ಅವನು ರೇಡಿಯೋ ಜೋರು ಮಾಡಿದ್ದ. ಅದು ಗೊರಗುಟ್ಟಿ ಮಲಗಿತ್ತು. ಬೆನ್ನು ತೆಗೆದರೆ ಒಳಗೆ ಕಳ್ಳನ ವಿಳಾಸ. ಜಗಳಕ್ಕೆಂದೇ ಮುಂದಿನ ಬಸ್ಸು ಹತ್ತಿದವನಿಗೆ ದಾವಣಗೆರೆಯಲ್ಲಿ ಇಳಿಯುತ್ತಲೇ, ಆವರಗೆರೆ ಉಜ್ಜನಪ್ಪ ಬಸ್ಸಿನಲ್ಲೇ ತೀರಿಕೊಂಡ ಎಂಬ ಸುದ್ದಿ ಸಿಕ್ಕಿತ್ತು. ಅಲ್ಲಿಂದ ಟಾಂಗಾ ಹಿಡಿದು ನೇರ ಇಲ್ಲಿಗೆ ಬಂದಿದ್ದ. ಈಗ ಉಜ್ಜನಪ್ಪ ಕಣ್ಣು ಪಿಳಿಪಿಳಿ ಬಿಡುವುದನ್ನು ಕಂಡು ಬಾಗಿಲು ಮುಚ್ಚಿ, ದೊಡ್ಡ ಗಂಟಲನ್ನು ಸಣ್ಣದು ಮಾಡಿಕೊಂಡು ಕೇಳಿದ:

“ಕೇಳಿದ್ರೆ ಕೊಡ್ತಿರ್ಲಿಲ್ವೇನ್ರಿ ನಾನು?”

“ಕೇಳಾಕೆ ಭಯ ಆತು,” ಎಂದ ಉಜ್ಜನಪ್ಪ.

ಪರಮೇಶ್ವರಪ್ಪ ಹಳೆಯ ಬ್ಯಾಟರಿಯನ್ನು ಮುನಾಫನ ಕೈಗೆ ಕೊಟ್ಟ. ಹೊರಗಿನವರಿಗೆ ಇದು ತಿಳಿಯುವುದು ಬೇಡ, ಮನೆ ಮಾತು ಮನೆಯಲ್ಲಿರಲಿ ಎಂದ. ಉಜ್ಜನಪ್ಪನ ಮಾನ ಆ ಕೋಣೆಯ ನಾಲ್ಕು ಗೋಡೆಗಳ ನಡುವೆ ಉಳಿಯಿತು. ಆದರೆ ಗಡಿಯಾರ ಐದೂಮುಕ್ಕಾಲು ತೋರಿಸುತ್ತಿತ್ತು.

ಮುನಾಫ್ ಮನೆಯಿಂದ ಮೀಟರು ತಂದ. ಹೊಸ ಬ್ಯಾಟರಿಗೆ ಕಡ್ಡಿ ತಾಗಿಸಿದರೆ ಮುಳ್ಳು ಅಲುಗಾಡಿ ಸುಮ್ಮನಾಯಿತು. ಹಳೆಯದು ಎಂಟೂವರೆ ತೋರಿಸಿತು. ಈ ಸಲ ಅವನು ಉಜ್ಜನಪ್ಪನನ್ನು ಕೈಹಿಡಿದು ಕೂರಿಸಿಕೊಂಡೇ ಒಂದು ಸಣ್ಣ ಬಲ್ಬು ಹಚ್ಚಿದ. ಬಲ್ಬು ಬೀಡಿ ತುದಿಯಷ್ಟು ಕೆಂಪಗಾಯಿತು. ಮುಳ್ಳು ಮೂರಕ್ಕೆ ಬಿತ್ತು. ಬಲ್ಬು ತೆಗೆದರೆ ಮತ್ತೆ ಮೇಲೆ.

“ನಿಮ್ಮ ಮಾರ್ಕೆಟ್ಟಿನ ಹಮಾಲ ಕುಂತಲ್ಲಿ ಎರಡು ಅಂಡಿಗೆ ಹತ್ತಿ ಹೊರ್ತೀನಿ ಅಂತಾನೆ. ಬೆನ್ನ ಮ್ಯಾಲೆ ಇಟ್ಟಾಗ್ಲೇ ಮೊಣಕಾಲು ನಡುಗೋದು ಕಾಣ್ಸೋದು,” ಎಂದ ಮುನಾಫ್. “ಬ್ಯಾಟ್ರಿ ಹೊಟ್ಟೆದಾಗೂ ಒಂದು ತಡೆ ಇರ್ತೈತ್ರಿ. ಹಳೇದಾದಂಗ ಅದು ಬೆಳೀತೈತೆ. ಸುಮ್ಮನಿದ್ರೆ ಒಂಬತ್ತು. ಕೆಲಸ ಕೊಟ್ರೆ ಮುಕ್ಕಾಲು ಪಾಲು ಒಳಗೇ ಕಳೆದು ಹೋಗ್ತೈತೆ.”

ಹೊಸದಕ್ಕೆ ಏನಾಯಿತೆಂದು ಪರಮೇಶ್ವರಪ್ಪ ಕೇಳಿದ. ಅದರ ಎರಡು ಗುಂಡಿಗೂ ಅಡ್ಡಲಾಗಿ ಬೆಳ್ಳಿ ಕರಡಿಗೆ ಕೂತಿದೆ, ಹೊರಗೆ ಮಾಡುವ ಕೆಲಸ ಏನೂ ಇಲ್ಲ, ಹೀಗಾಗಿ ಇದ್ದ ಶಕ್ತಿಯೆಲ್ಲ ಅದರ ಹೊಟ್ಟೆಯೊಳಗಿನ ತಡೆಯಲ್ಲೇ ಸುಟ್ಟು ಕಾವಾಗಿ ಹೋಗಿದೆ ಎಂದು ಮುನಾಫ್ ವಿವರಿಸಿದ. ಉಜ್ಜಣ್ಣ ಗಟ್ಟಿ ಹಿಡಿದುಕೊಂಡಷ್ಟೂ ಗಟ್ಟಿಯಾಗಿ ತಾಗಿದೆ. ಉಜ್ಜನಪ್ಪನಿಗೆ ಲೆಕ್ಕ ಪೂರ್ತಿ ಹಿಡಿಯಲಿಲ್ಲ. ಹೊರಗೆ ಬಿಡದೆ ಒಳಗೇ ಹಿಡಿದುಕೊಂಡರೆ ಸುಡುತ್ತದೆ ಎಂಬಷ್ಟು ಹಿಡಿಯಿತು.

“ಹಂಗಾದ್ರೆ ಹಾಡು?”

“ಹಳೇದೇ ಗತಿ. ದನಿ ಎಷ್ಟು ಸಣ್ಣದು ಮಾಡಿದ್ರೆ ಅಷ್ಟು ಕಮ್ಮಿ ಎಳೀತೈತೆ, ಅಷ್ಟು ಹೊತ್ತು ತಾಳ್ತೈತೆ. ಸುಮಾರು ಹತ್ತು ನಿಮಿಷ. ಯಾರಾದ್ರೂ ಜೋರು ಮಾಡಿದ್ರೋ, ಮುಗೀತು.”

ಹತ್ತು ನಿಮಿಷ. ನಲವತ್ತು ಜನ. ಅವರಲ್ಲಿ ಒಬ್ಬರೂ ಇದುವರೆಗೆ ಬಾಯಿ ಮುಚ್ಚಿ ಕೂತದ್ದನ್ನು ಆವರಗೆರೆ ಕಂಡಿರಲಿಲ್ಲ. ಆದರೆ ಆ ಹೊತ್ತು ಉಜ್ಜನಪ್ಪ ಬಾಗಿಲು ತೆರೆದು ಈಚೆ ಬಂದಾಗ ಅವರೆಲ್ಲ ದೇವರು ಮೈತುಂಬಿದವನನ್ನು ನೋಡುವಂತೆ ನೋಡಿದರು. ಅವನು ತುಟಿಯ ಮೇಲೆ ಬೆರಳಿಟ್ಟ. ಬೀದಿ ಉಸಿರು ಹಿಡಿಯಿತು. ಎಮ್ಮೆಗಳ ಕೊರಳಿನ ಗಂಟೆಗೆ ಹುಲ್ಲು ತುರುಕಿದರು.

ಜಗಲಿಯ ಮೇಲೆ ರೇಡಿಯೋ. ಮುನಾಫನ ಬೆರಳು ಗುಂಡಿಯ ಮೇಲೆ. ಆರೂಕಾಲಿಗೆ ಒಂದು ನಿಮಿಷ ಇದ್ದಾಗ ಸಣ್ಣಗೆ ತಿರುಗಿಸಿದ. ನೊಣದ ರೆಕ್ಕೆಯಷ್ಟು ಸದ್ದು. ರೇಡಿಯೋದೊಳಗೆ ಯಾರೋ ದಾವಣಗೆರೆ ತಾಲ್ಲೂಕು ಎಂದರು, ಆವರಗೆರೆ ಎಂದರು, ಕುಮಾರಿ ಶಾಂತಕುಮಾರಿ ಎಂದರು. ನಲವತ್ತು ತಲೆಗಳು ಒಟ್ಟಿಗೆ ಮುಂದಕ್ಕೆ ಬಾಗಿದವು. ಮಗಳ ದನಿ ಬಂತು. ಮೊದಲ ಸಾಲಿನಲ್ಲಿ ಅದು ನಡುಗಿತು; ನಡುಗಿದ್ದು ಹುಡುಗಿಯೋ ಬ್ಯಾಟರಿಯೋ ತಿಳಿಯದೆ ಉಜ್ಜನಪ್ಪ ಮರುಳಸಿದ್ದಮ್ಮನ ಮುಖ ನೋಡಿದ. ಎರಡನೆಯ ಸಾಲಿಗೆ ನಡುಕ ನಿಂತಿತು. ಕೇಳಿಸದ ಸಂಕಟಕ್ಕೆ ಪರಮೇಶ್ವರಪ್ಪನ ಕೈ ತಾನಾಗಿ ಗುಂಡಿಯ ಕಡೆ ಹೋಯಿತು. ಉಜ್ಜನಪ್ಪ ಅದನ್ನು ಗಪ್ಪನೆ ಹಿಡಿದು ತನ್ನ ತೊಡೆಯ ಮೇಲಿಟ್ಟುಕೊಂಡು, ಹಾಡು ಮುಗಿಯುವವರೆಗೂ ಬಿಡಲಿಲ್ಲ. ಕದ್ದ ಕೈ, ಕಳೆದುಕೊಂಡವನ ಕೈಯನ್ನು ಹಿಡಿದು ಕೂತಿತ್ತು.

ಒಬ್ಬರೂ ಕೆಮ್ಮಲಿಲ್ಲ. ಬಾಗಿಲು ಅಡ್ಡವಿರಲಿಲ್ಲ. ಮೊದಲ ಸಲ ಅವನು ಮಗಳ ಒಂದು ಹಾಡನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದ. ಕೊನೆಯ ಸಾಲು ಇಳಿದು ತಂಬೂರಿ ಮಾತ್ರ ಉಳಿದಾಗ ರೇಡಿಯೋ ಒಮ್ಮೆ ನಿಟ್ಟುಸಿರು ಬಿಟ್ಟು ಆರಿಹೋಯಿತು.

ಆ ನಿಶ್ಶಬ್ದದಲ್ಲಿ, ಲಿಂಗದ ಸುದ್ದಿಯನ್ನು ಯಾರಿಂದಲೋ ಕಿವಿಗೆ ಕೂಗಿಸಿಕೊಂಡಿದ್ದ ಮಾಬೂಬೀ ಅತ್ತಿತ್ತ ನೋಡಿ ಕೇಳಿದಳು:

“ಉಜ್ಜಪ್ಪ, ನಿನ್ನ ಎದಿಯಾಗ ದೇವ್ರು ಬಂದಿದ್ನಂತಲ್ಲಪ್ಪ. ಏನಂದ?”

ನಲವತ್ತು ಜೊತೆ ಕಣ್ಣು ಉಜ್ಜನಪ್ಪನ ಕಡೆ ತಿರುಗಿದವು. ಪರಮೇಶ್ವರಪ್ಪ ಕಣ್ಣಿನಲ್ಲೇ ಬೇಡ ಎಂದ. ಉಜ್ಜನಪ್ಪ ಬಾಗಿಲ ಬಳಿಯ ತೆಂಗಿನಕಾಯಿ ನೋಡಿದ, ಊದುಬತ್ತಿ ನೋಡಿದ. ಎದೆಯಲ್ಲಿ ಮತ್ತೆ ಕಾವು ಏಳತೊಡಗಿತು. ಈ ಸಲ ಕಿಸೆ ಖಾಲಿ. ಹೆದರಿ ಮುದುಕಿಯ ಕಿವಿಗೆ ಬಗ್ಗಿದ.

“ದೇವ್ರಲ್ಲವ್ವ, ಬ್ಯಾಟ್ರಿ.”

“ಏನು?”

“ಬ್ಯಾಟ್ರಿ. ಭಾವಂದು.”

“ಕೇಳಂಗಿಲ್ಲಪ್ಪ, ಜೋರಾಗಿ ಹೇಳು.”

ಉಜ್ಜನ‌ಪ್ಪ ನೆಟ್ಟಗೆ ನಿಂತು, ಉಸಿರು ತುಂಬಿಕೊಂಡು, ಕೆರೆ ಏರಿಯ ಮೇಲೆ ಹೋಗುತ್ತಿದ್ದವರೂ ನಿಂತು ನೋಡುವಂತೆ ಕೂಗಿದ:

“ಭಾವನ ಬ್ಯಾಟ್ರಿ ಕದ್ದಿದ್ದೆ. ಅದು ಸುಟ್ಟಿದ್ದು.”

ಮಾಬೂಬೀ ಕೈ ಬೀಸಿದಳು. “ಅಷ್ಟೇನಾ,” ಎಂದಳು. “ನಾನು ಏನೋ ಅಂದ್ಕೊಂಡಿದ್ದೆ. ಇರ್ಲಿ, ಹುಡುಗಿ ಹಾಡಿದ್ಲಾ?”

“ಹಾಡಿದ್ಲು,” ಎಂದ ಉಜ್ಜನಪ್ಪ. ಎದೆ ಮುಟ್ಟಿ ನೋಡಿಕೊಂಡ. ತಣ್ಣಗಿತ್ತು.

ಆಮೇಲೆ ತೆಂಗಿನಕಾಯಿ ತಂದವರು ಗುಸುಗುಸು ಮಾತಾಡಿಕೊಂಡು ತಮ್ಮ ತಮ್ಮ ಕಾಯಿಯನ್ನು ಗುರುತು ಹಿಡಿದು ಎತ್ತಿಕೊಂಡು ಹೋದರು. ಯಾರದೆಂದು ತಿಳಿಯದ ಒಂದು ಹಾಗೇ ಉಳಿಯಿತು. ಕತ್ತಲಾಗುವಷ್ಟರಲ್ಲಿ ಮರುಳಸಿದ್ದಮ್ಮ ಅದರ ಮೇಲೆ ಚೀಟಿ ಅಂಟಿಸಿದಳು.